ಕಾಯಿಲೆಯಲ್ಲಿರುವಾಗ ಚಿಗಾಂಗ್ ನಡಿಗೆ: ಎಲ್ಲಿಂದ ಶುರು, ಎಲ್ಲಿ ನಿಲ್ಲಿಸಬೇಕು

"ಅಪ್ಪನಿಗೆ ಕೀಮೋ ನಡೀತಾ ಇದೆ. ಮೂಗಲ್ಲಿ ಸುಂಯ್ ಸುಂಯ್ ಅಂತ ಉಸಿರೆಳೆದುಕೊಂಡು ಚೀನಾದವರು ನಡೀತಾರಲ್ಲ, ಅದನ್ನು ಮಾಡಿಸಬಹುದಾ?" ಈ ಪ್ರಶ್ನೆ ತಿಂಗಳಿಗೆ ನಾಲ್ಕು ಸಲವಾದರೂ ಬರುತ್ತದೆ. ಕೇಳುವವರಲ್ಲಿ ಅರ್ಧ ಜನ ಆಗಲೇ ವಿಡಿಯೊ ನೋಡಿ ಶುರು ಮಾಡಿ, ಎರಡನೇ ದಿನಕ್ಕೆ ತಲೆ ಸುತ್ತು ಬಂದು ಬಿಟ್ಟಿರುತ್ತಾರೆ. ಪ್ರತಿಯೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರ ಬರೆದು ಸಾಕಾಯಿತು. ಹಾಗಾಗಿ ಎಲ್ಲವನ್ನೂ ಒಂದೇ ಕಡೆ ಬರೆದಿಟ್ಟಿದ್ದೇನೆ.

ನಾನು ಡಾಕ್ಟರ್ ಅಲ್ಲ. ಅಮ್ಮನ ಚಿಕಿತ್ಸೆ ನಡೆದಷ್ಟು ದಿನ ಅವಳ ಪಕ್ಕದಲ್ಲಿ ಈ ನಡಿಗೆ ನಡೆದವಳು. ಇಲ್ಲಿರುವುದು ಒಬ್ಬ ಅಭ್ಯಾಸಿಯ ಮಾತು, ಅಷ್ಟೇ. ನಿಮ್ಮ ಡಾಕ್ಟರ್ ಬೇರೆ ಹೇಳಿದರೆ ಅವರ ಮಾತೇ ನಡೆಯಲಿ.

ಇದು ಏನು, ಎಲ್ಲಿಂದ ಬಂತು

'ಚಿ' ಅಂದರೆ ಉಸಿರು, ಒಳಗಿನ ಚೈತನ್ಯ. 'ಗಾಂಗ್' ಅಂದರೆ ದಿನಾ ಮಾಡಿ ಮಾಡಿ ಕೈವಶವಾಗುವ ಪಳಗಿಕೆ. ಎರಡೂ ಸೇರಿ ಚಿಗಾಂಗ್. ಕೆಲವರು ಕಿಗಾಂಗ್ ಅಂತಲೂ ಬರೆಯುತ್ತಾರೆ, ಎರಡೂ ಒಂದೇ. ಇದರಲ್ಲಿ ನೂರಾರು ಬಗೆ ಇವೆ. ಕೂತು ಮಾಡುವಂಥದ್ದು, ನಿಂತು ಮಾಡುವಂಥದ್ದು, ಕೈಕಾಲು ಬೀಸಿ ಮಾಡುವಂಥದ್ದು. ರೋಗಿಗಳ ನಡುವೆ ಹೆಚ್ಚು ಹರಡಿರುವ ನಡಿಗೆಯ ಚಿಗಾಂಗ್‌ಗೆ ಗುವೊ ಲಿನ್ ಚಿಗಾಂಗ್ ಅಂತ ಹೆಸರು.

ಗುವೊ ಲಿನ್ ಬೀಜಿಂಗಿನ ಚಿತ್ರಕಲಾವಿದೆ. 1949ರಲ್ಲಿ ಅವರಿಗೆ ಗರ್ಭಕೋಶದ ಕ್ಯಾನ್ಸರ್ ಆಯಿತು. ಆಪರೇಷನ್ ಆಯಿತು, ಕಾಯಿಲೆ ಮರುಕಳಿಸಿತು, ಮತ್ತೆ ಆಪರೇಷನ್. ಚಿಕ್ಕವರಿದ್ದಾಗ ಅಜ್ಜ ಹೇಳಿಕೊಟ್ಟಿದ್ದ ಉಸಿರಾಟದ ಅಭ್ಯಾಸಗಳನ್ನು ನೆನಪಿಸಿಕೊಂಡು, ಅದಕ್ಕೆ ನಡಿಗೆ ಜೋಡಿಸಿ ತಮ್ಮದೇ ಪದ್ಧತಿ ಕಟ್ಟಿಕೊಂಡರು. 1970ರ ದಶಕದ ಶುರುವಿನಲ್ಲಿ ಬೀಜಿಂಗಿನ ಪಾರ್ಕುಗಳಲ್ಲಿ ಬೇರೆ ರೋಗಿಗಳಿಗೆ ಕಲಿಸಲು ನಿಂತರು. ಅದು ಸಾಂಸ್ಕೃತಿಕ ಕ್ರಾಂತಿಯ ಕಾಲ, ಅಂದರೆ ಮಾವೋ ಆಡಳಿತ ಹಳೆಯ ಆಚಾರಗಳನ್ನೆಲ್ಲ ಅಳಿಸಲು ಹೊರಟಿದ್ದ ಕಾಲ. ಇಂಥದ್ದನ್ನೆಲ್ಲ ಮೂಢನಂಬಿಕೆ ಅಂತ ಅನುಮಾನದಿಂದ ನೋಡುತ್ತಿದ್ದರು, ಪಾರ್ಕಿನಿಂದ ಎಬ್ಬಿಸಿ ಕಳಿಸಿದ್ದೂ ಉಂಟು. ಆದರೂ ಬಿಡಲಿಲ್ಲ. ಅದುವರೆಗೆ ಗುರು-ಶಿಷ್ಯರ ನಡುವೆಯೋ, ಆರೋಗ್ಯಧಾಮದ ಕೋಣೆಯಲ್ಲೋ ನಡೆಯುತ್ತಿದ್ದ ವಿದ್ಯೆಯನ್ನು ಮರದಡಿ, ಗುಂಪಿನಲ್ಲಿ ಕಲಿಸಿದವರಲ್ಲಿ ಅವರು ಮೊದಲಿಗರು. 1984ರಲ್ಲಿ ತೀರಿಕೊಂಡರು. ಇವತ್ತಿಗೂ ಚೀನಾದ ಊರುಗಳ ಪಾರ್ಕುಗಳಲ್ಲಿ ಬೆಳಿಗ್ಗೆ ಹೋದರೆ ಈ ನಡಿಗೆಯವರು ಕಾಣುತ್ತಾರೆ.

ಇಷ್ಟು ಹೇಳಿದ್ದಕ್ಕೆ ಕಾರಣವಿದೆ. "ಗುವೊ ಲಿನ್ ಬರೀ ನಡೆದೇ ಕ್ಯಾನ್ಸರ್ ಗೆದ್ದರು" ಅಂತ ಒಂದು ಕಥೆ ಓಡಾಡುತ್ತಿರುತ್ತದೆ. ಅವರು ಮತ್ತೆ ಮತ್ತೆ ಆಪರೇಷನ್ ಮಾಡಿಸಿಕೊಂಡವರು ಅನ್ನುವ ಭಾಗವನ್ನು ಆ ಕಥೆ ಹೇಳುವವರು ನುಂಗಿಬಿಡುತ್ತಾರೆ.

ಏನಾಗುತ್ತೆ, ಏನಾಗಲ್ಲ

ಗಡ್ಡೆ ಕರಗಲ್ಲ. ಔಷಧಿ, ರೇಡಿಯೇಷನ್, ಇನ್ಸುಲಿನ್, ಇನ್‌ಹೇಲರ್ ಯಾವುದಕ್ಕೂ ಇದು ಬದಲಿ ಆಗಲ್ಲ. ಹಾಗೆ ಯಾರಾದರೂ ಹೇಳಿ ಫೀಸು ಕೇಳಿದರೆ ಅಲ್ಲಿಂದ ಎದ್ದು ಬನ್ನಿ.

ಆಗುವುದು ಬೇರೆ. ಕ್ಯಾನ್ಸರ್ ಚಿಕಿತ್ಸೆಯಲ್ಲಿ ಬರುವ ಸುಸ್ತು ನಿದ್ದೆ ಮಾಡಿದರೆ ಹೋಗುವಂಥದ್ದಲ್ಲ. ಮಲಗಿದಷ್ಟೂ ಜಾಸ್ತಿಯಾಗುತ್ತದೆ, ಯಾಕೆಂದರೆ ಮಲಗಿದ ಮೈಯಲ್ಲಿ ಸ್ನಾಯು ಕರಗುತ್ತದೆ. ಸ್ನಾಯು ಕರಗಿದ ಮೇಲೆ ಬಾತ್‌ರೂಮಿಗೆ ಹೋಗಿ ಬರುವುದೂ ದೊಡ್ಡ ಕೆಲಸ. ಈ ಸುತ್ತನ್ನು ಮುರಿಯಲು ಹಗುರವಾದ ಚಲನೆ ಬೇಕು. ಚಿಗಾಂಗ್ ಮತ್ತು ಅದರ ನೆಂಟನಂತಿರುವ ಚೀನಾದ ನಿಧಾನ ಚಲನೆಯ ವ್ಯಾಯಾಮ ತಾಯ್ ಚಿ ಈ ಸುಸ್ತಿಗೆ ನೆರವಾಗಬಹುದು ಅಂತ ಅಮೆರಿಕದ ಕ್ಯಾನ್ಸರ್ ತಜ್ಞರ ಸಂಘದ 2024ರ ಮಾರ್ಗಸೂಚಿಯಲ್ಲೂ ಇದೆ. ನಿದ್ದೆ, ಆತಂಕದ ವಿಷಯದಲ್ಲೂ ಹಲವರಿಗೆ ಅನುಕೂಲ ಆಗುತ್ತದೆ. ಇನ್ನೊಂದು ಲಾಭ ಇದೆ, ಅದನ್ನು ಯಾವ ಮಾರ್ಗಸೂಚಿಯೂ ಅಳೆಯಲ್ಲ: ಇಡೀ ದಿನ ಬೇರೆಯವರು ಸೂಜಿ ಚುಚ್ಚುವ, ಸ್ಕ್ಯಾನ್ ಮಾಡುವ, ಊಟ ಹಾಕುವ ಮೈಗೆ ಹತ್ತು ನಿಮಿಷ ತನ್ನದೇ ಅನ್ನುವ ಒಂದು ಕೆಲಸ ಸಿಗುತ್ತದೆ.

"ಇದು ಪ್ರಾಣಾಯಾಮವೇ ಅಲ್ವಾ?" ಅಂತಲೂ ಕೇಳುತ್ತೀರಿ. ನೆಂಟಸ್ತಿಕೆ ಇದೆ, ಆದರೆ ಎರಡೂ ಒಂದೇ ಅಲ್ಲ. ಇಲ್ಲಿ ಕುಂಭಕ ಇಲ್ಲ, ಅಂದರೆ ಉಸಿರು ಕಟ್ಟಿ ಹಿಡಿಯುವುದಿಲ್ಲ. ಮೂಗಿನ ಹೊಳ್ಳೆ ಮುಚ್ಚುವುದಿಲ್ಲ. ಕಪಾಲಭಾತಿ, ಭಸ್ತ್ರಿಕೆಯ ರಭಸ ಇಲ್ಲ. ನಿಮಗೆ ಈಗಾಗಲೇ ಅನುಲೋಮ-ವಿಲೋಮದ ಅಭ್ಯಾಸ ಇದ್ದರೆ ಅದು ಅದರ ಹೊತ್ತಿಗೆ ಇರಲಿ. ಎರಡನ್ನೂ ಕಲಸಬೇಡಿ.

ಯಾರು ಮೊದಲು ಕೇಳಲೇಬೇಕು

ಎಲ್ಲರೂ ಡಾಕ್ಟರಿಗೆ ಹೇಳಿಯೇ ಶುರು ಮಾಡಿ. ಕೆಳಗಿನವರಂತೂ ಕೇಳದೆ ಒಂದು ಹೆಜ್ಜೆಯನ್ನೂ ಇಡಬೇಡಿ.

• ಕ್ಯಾನ್ಸರ್ ಮೂಳೆಗೆ ಹರಡಿದೆ ಅಂತ ಹೇಳಿದ್ದರೆ, ಅಥವಾ ಮೂಳೆ ಸವೆತ ಇದ್ದರೆ. ಸೊಂಟ ತಿರುಗಿಸುವ ಚಲನೆ ಇವರಿಗೆ ಬೇಡದೇ ಇರಬಹುದು.
• ಪ್ಲೇಟ್‌ಲೆಟ್ ಅಥವಾ ಹಿಮೋಗ್ಲೋಬಿನ್ ತುಂಬಾ ಇಳಿದಿದ್ದರೆ. ಪ್ಲೇಟ್‌ಲೆಟ್ ರಕ್ತ ಹೆಪ್ಪುಗಟ್ಟಿಸುವ ಕಣ, ಅದು ಕಡಿಮೆ ಇದ್ದಾಗ ಚಿಕ್ಕದಾಗಿ ಬಿದ್ದರೂ ದೊಡ್ಡ ತೊಂದರೆ.
• ಕೀಮೋದಿಂದಲೋ ಸಕ್ಕರೆ ಕಾಯಿಲೆಯಿಂದಲೋ ಪಾದ ಜೋಮು ಹಿಡಿದಿದ್ದರೆ.
• ಹೃದಯದ ಕಾಯಿಲೆ, ಶ್ವಾಸಕೋಶದ ಕಾಯಿಲೆ, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ ಇತಿಹಾಸ ಇದ್ದರೆ.
• ಹೊಟ್ಟೆ ಅಥವಾ ಎದೆಯ ಆಪರೇಷನ್ ಆಗಿ ಇನ್ನೂ ವಾರಗಳಷ್ಟೇ ಆಗಿದ್ದರೆ.
• ತೋಳಿನಲ್ಲಿ ಪಿಕ್ ಲೈನ್ ಇದ್ದರೆ. ಔಷಧಿ ಕೊಡಲು ಬಿಟ್ಟಿರುವ ಉದ್ದ ಕೊಳವೆ ಅದು. ಆ ಕೈ ಬೀಸಬಹುದಾ, ಎಷ್ಟು ಅಂತ ಕೇಳಿಕೊಳ್ಳಿ.

ಕೇಳುವಾಗ "ಚಿಗಾಂಗ್ ಮಾಡಬಹುದಾ ಡಾಕ್ಟ್ರೇ?" ಅಂದರೆ ಅವರಿಗೂ ಏನಂತ ಅರ್ಥವಾಗದೆ "ಏನೂ ಬೇಡ" ಅಂದುಬಿಡಬಹುದು. ಹೀಗೆ ಕೇಳಿ: "ದಿನಾ ಹತ್ತು ನಿಮಿಷ ನಿಧಾನವಾಗಿ ನಡೀಬಹುದಾ? ನಡೆಯುವಾಗ ಸೊಂಟ ಸ್ವಲ್ಪ ತಿರುಗಿಸಿ ಕೈ ಬೀಸಬಹುದಾ? ಮೂಗಿನಿಂದ ಉಸಿರೆಳೆದು ಬಿಡುವ ಅಭ್ಯಾಸ ಮಾಡಬಹುದಾ?" ಮೂರಕ್ಕೂ ಬೇರೆ ಬೇರೆ ಉತ್ತರ ಬರಬಹುದು.

ಏನು ಬೇಕು

ಖರ್ಚಿನ ಬಾಬ್ತು ಏನೂ ಇಲ್ಲ. ಹತ್ತು ಹದಿನೈದು ಹೆಜ್ಜೆ ನೇರವಾಗಿ ನಡೆಯುವಷ್ಟು ಜಾಗ ಸಾಕು. ಪಡಸಾಲೆ, ಅಪಾರ್ಟ್‌ಮೆಂಟಿನ ಕಾರಿಡಾರ್, ತಾರಸಿ, ಮನೆ ಮುಂದಿನ ಅಂಗಳ. ಮಲೆನಾಡು, ಕರಾವಳಿಯವರು ಮಳೆಗಾಲದಲ್ಲಿ ಅಂಗಳದ ಪಾಚಿ ಮರೆಯಬೇಡಿ. ಹಿಮ್ಮಡಿ ಊರಿ ನಡೆಯುವ ನಡಿಗೆಯಿದು, ಪಾಚಿಯ ಮೇಲೆ ನೇರ ಜಾರುತ್ತದೆ. ಕಲಬುರಗಿ, ರಾಯಚೂರಿನ ಕಡೆಯವರು ಬೇಸಿಗೆಯಲ್ಲಿ ಬಿಸಿಲೇರುವ ಮುಂಚೆ ಮುಗಿಸಿಬಿಡಿ. ಬೆಂಗಳೂರಿನವರಿಗೆ ಲಾಲ್‌ಬಾಗಿನ ಆಸೆ ಇರುತ್ತದೆ. ಆದರೆ ಕೀಮೋ ನಡುವೆ ರೋಗನಿರೋಧಕ ಶಕ್ತಿ ಇಳಿದಿರುವಾಗ ಗುಂಪು ಬೇಡ.

ಹವಾಯಿ ಚಪ್ಪಲಿ ಬೇಡವೇ ಬೇಡ. ಹಿಮ್ಮಡಿಗೆ ಪಟ್ಟಿ ಇರುವ ಸ್ಯಾಂಡಲ್ ಅಥವಾ ತೆಳು ಅಡಿಯ ಶೂ ಹಾಕಿ. ಪಾದ ಜೋಮು ಇಲ್ಲದವರು ಮನೆಯೊಳಗೆ ಬರಿಗಾಲಲ್ಲೂ ನಡೆಯಬಹುದು. ಸೀರೆ ಉಟ್ಟವರು ನೆರಿಗೆಯನ್ನು ಗೇಣಷ್ಟು ಎತ್ತಿ ಸಿಕ್ಕಿಸಿಕೊಳ್ಳಿ. ಲುಂಗಿಯವರು ಪೈಜಾಮಕ್ಕೆ ಬನ್ನಿ, ಕಾಲಿಗೆ ತೊಡರುತ್ತದೆ.

ಊಟವಾಗಿ ಒಂದು ಗಂಟೆಯಾದರೂ ಆಗಿರಲಿ. ಹಾಗಂತ ಪೂರ್ತಿ ಖಾಲಿ ಹೊಟ್ಟೆಯಲ್ಲೂ ಬೇಡ, ಎರಡು ಬಿಸ್ಕತ್ತೋ ಅರ್ಧ ಲೋಟ ಗಂಜಿಯೋ ಇರಲಿ. ಸಕ್ಕರೆ ಕಾಯಿಲೆಯವರ ಜೇಬಿನಲ್ಲಿ ಬೆಲ್ಲದ ಚೂರು ಅಥವಾ ಗ್ಲೂಕೋಸ್ ಇರಲೇಬೇಕು. ಮೊದಲ ಎರಡು ವಾರ ಪಕ್ಕದಲ್ಲಿ ಒಬ್ಬರು ಇರಲಿ. ಅವರ ಕೆಲಸ ಮಾತಾಡಿಸುವುದಲ್ಲ, ಸುಮ್ನೆ ಒಂದು ಹೆಜ್ಜೆ ಹಿಂದೆ ನಡೆಯುವುದು. ದಾರಿಯ ಎರಡೂ ತುದಿಯಲ್ಲಿ ಒಂದೊಂದು ಕುರ್ಚಿ ಹಾಕಿ.

ಹಂತ 1: ಮಲಗಿಯೋ ಕೂತೋ ಹೊಟ್ಟೆಯ ಉಸಿರು

ಮೊದಲ ಮೂರ್ನಾಲ್ಕು ದಿನ ಇಷ್ಟೇ. ಮಂಡಿ ಮಡಿಸಿ ಅಂಗಾತ ಮಲಗಿ, ಇಲ್ಲವೇ ಕುರ್ಚಿಯಲ್ಲಿ ಒರಗಿ ಕೂರಿ. ಒಂದು ಕೈ ಎದೆಯ ಮೇಲೆ, ಇನ್ನೊಂದು ಹೊಕ್ಕುಳ ಮೇಲೆ. ಮೂಗಿನಿಂದ ಮೆಲ್ಲಗೆ ಉಸಿರೆಳೆಯಿರಿ. ಹೊಕ್ಕುಳ ಮೇಲಿನ ಕೈ ಏಳಬೇಕು, ಎದೆಯ ಕೈ ಹೆಚ್ಚುಕಡಿಮೆ ಅಲ್ಲೇ ಇರಬೇಕು. ಬಿಡುವಾಗ ತುಟಿಯನ್ನು ಬಿಸಿ ಕಾಫಿ ಊದುವ ಹಾಗೆ ಸ್ವಲ್ಪ ಮೊನಚು ಮಾಡಿ ನಿಧಾನವಾಗಿ ಬಿಡಿ. ಎಳೆಯುವಾಗ ಎರಡು ಎಣಿಸಿದರೆ ಬಿಡುವಾಗ ನಾಲ್ಕು.

ಹತ್ತು ಉಸಿರು ಸಾಕು. ದಿನಕ್ಕೆ ಎರಡು ಮೂರು ಸಲ. ಆಪರೇಷನ್ ಆದವರು ಹೊಲಿಗೆಯ ಮೇಲೆ ಚಿಕ್ಕ ದಿಂಬು ಒತ್ತಿ ಹಿಡಿದುಕೊಂಡರೆ ಎಳೆತ ಕಡಿಮೆ.

ಇದನ್ನು ಬಿಟ್ಟು ನೇರ ನಡಿಗೆಗೆ ಹಾರಬೇಡಿ. ತಲೆ ಸುತ್ತಿತು ಅಂತ ಬರೆಯುವವರಲ್ಲಿ ಹೆಚ್ಚಿನವರು ಈ ಹಂತ ಮಾಡಿಯೇ ಇರುವುದಿಲ್ಲ.

ಹಂತ 2: ಸುಮ್ನೆ ನಿಲ್ಲುವುದು

ಪಾದಗಳ ನಡುವೆ ಭುಜದಷ್ಟು ಅಂತರ. ಮಂಡಿ ಬಿಗಿಯಬೇಡಿ, ಕೂದಲೆಳೆಯಷ್ಟು ಸಡಿಲ. ಭುಜ ಇಳಿಬಿಡಿ. ನಾಲಿಗೆಯ ತುದಿ ಮೇಲ್ಹಲ್ಲಿನ ಹಿಂದೆ ಮೆಲ್ಲಗೆ ತಾಗಲಿ. ಕಣ್ಣು ಮುಚ್ಚುವುದು ಪದ್ಧತಿ, ಆದರೆ ತಲೆ ತೂಗುವವರು ತೆರೆದೇ ಇಡಿ, ದೂರದ ಯಾವುದಾದರೂ ಗಿಡ ನೋಡುತ್ತಿರಿ. ಎರಡು ನಿಮಿಷ. ನಿಲ್ಲಲು ಕಷ್ಟವಾದರೆ ಕುರ್ಚಿಯ ಬೆನ್ನು ಹಿಡಿದುಕೊಳ್ಳಿ, ಅದಕ್ಕೇನೂ ನಾಚಿಕೆ ಬೇಡ.

ಹಂತ 3: ಮೂರು ಉಸಿರು, ಮೂರು ತೆರೆ-ಮುಚ್ಚು

ಇದು ನಡಿಗೆಯ ಬಾಗಿಲು. ಎರಡೂ ಅಂಗೈ ಒಂದರ ಮೇಲೊಂದು ಇಟ್ಟು ಹೊಕ್ಕುಳ ಜಾಗಕ್ಕೆ ತನ್ನಿ. ಚೀನೀಯರು ಈ ಜಾಗವನ್ನು ದಾನ್‌ತಿಯನ್ ಅನ್ನುತ್ತಾರೆ. ಅಮೃತದ ಹೊಲ ಅಂತ ಅರ್ಥ, ಚೈತನ್ಯ ಕೂಡಿಡುವ ಜಾಗ ಅನ್ನುವುದು ಅವರ ನಂಬಿಕೆ. ಮೂಗಿನಿಂದ ಎಳೆದು ಬಾಯಿಂದ ಬಿಡಿ, ನಿಧಾನವಾಗಿ. ಇದು ಮೂರು ಸಲ.

ಆಮೇಲೆ ಕೈಗಳನ್ನು ಹೊಕ್ಕುಳ ಮುಂದೆ, ಅಂಗೈ ಹಿಂಭಾಗ ಒಂದಕ್ಕೊಂದು ಎದುರಾಗುವಂತೆ ಹಿಡಿಯಿರಿ. ನೀರಿನಲ್ಲಿ ಪಾಚಿ ಸರಿಸಿ ಕೊಡ ಮುಳುಗಿಸಲು ಜಾಗ ಮಾಡುತ್ತೀರಲ್ಲ, ಹಾಗೆ ಎರಡೂ ಕೈಗಳನ್ನು ಮೈಗಿಂತ ಸ್ವಲ್ಪ ಅಗಲಕ್ಕೆ ತೆರೆಯಿರಿ. ಅಲ್ಲಿ ಅಂಗೈ ಒಳಮುಖ ಮಾಡಿ ಮತ್ತೆ ಹೊಕ್ಕುಳ ಮುಂದೆ ತನ್ನಿ. ಇದೂ ಮೂರು ಸಲ. ಉಸಿರು ತನ್ನ ಪಾಡಿಗೆ ಇರಲಿ. ಎದೆಯ ಭಾಗದ ಆಪರೇಷನ್ ಆದವರು ನೋವು ಬರದಷ್ಟೇ ಅಗಲಕ್ಕೆ ಹೋಗಿ.

ಹಂತ 4: ಉಸಿರಿನ ಗೊಡವೆ ಇಲ್ಲದೆ ಹೆಜ್ಜೆ

ಒಂದು ವಾರ ಬರೀ ಹೆಜ್ಜೆ ಕಲಿಯಿರಿ. ಉಸಿರಿನ ಲೆಕ್ಕ ಈಗಲೇ ಬೇಡ.

ಎಡಗಾಲು ಮುಂದಿಡಿ. ಮೊದಲು ಹಿಮ್ಮಡಿ ನೆಲ ಮುಟ್ಟಲಿ, ಬೆರಳುಗಳು ಮೇಲೆದ್ದಿರಲಿ. ಆಮೇಲೆ ಪಾದದ ಅಂಚು, ಕೊನೆಗೆ ಬೆರಳು. ಚಪಾತಿಯ ಮೇಲೆ ಲಟ್ಟಣಿಗೆ ಉರುಳಿದ ಹಾಗೆ ಪಾದ ಹಿಂದಿನಿಂದ ಮುಂದಕ್ಕೆ ಉರುಳಬೇಕು. ಪೂರ್ತಿ ತೂಕ ಎಡಗಾಲಿಗೆ ಬಂದ ಮೇಲೆ ಬಲಗಾಲು ಎತ್ತಿ, ಅದೇ ರೀತಿ.

ಈಗ ಕೈ. ಎಡಗಾಲು ಮುಂದೆ ಹೋದಾಗ ಬಲಗೈ ಹೊಕ್ಕುಳ ಮುಂದಕ್ಕೆ ಬರುತ್ತದೆ, ಎಡಗೈ ಎಡ ಸೊಂಟದ ಪಕ್ಕಕ್ಕೆ ಸರಿಯುತ್ತದೆ. ಬಲಗಾಲು ಹೋದಾಗ ಇದರ ಉಲ್ಟಾ. ಕೈಯನ್ನು ಬೇರೆಯಾಗಿ ಬೀಸಬೇಕಿಲ್ಲ, ಸೊಂಟ ತುಸು ತಿರುಗಿದರೆ ಕೈ ತಾನೇ ಬರುತ್ತದೆ. ತಲೆಯೂ ಸೊಂಟದ ಜೊತೆ ಮೆಲ್ಲಗೆ ಎಡ-ಬಲ ತಿರುಗುತ್ತದೆ. ಕುತ್ತಿಗೆ ನೋವಿನವರು, ತಲೆ ತಿರುಗುವವರು ತಲೆ ನೇರ ಇಟ್ಟುಕೊಳ್ಳಿ.

ಮಿಲಿಟರಿ ಮಾರ್ಚ್ ಆಗಬಾರದು. ದೇವಸ್ಥಾನದಲ್ಲಿ ಪ್ರದಕ್ಷಿಣೆ ಹಾಕುವ ಅಜ್ಜಿಯ ವೇಗ ಸರಿ.

ಪಾದ ಜೋಮು ಇರುವವರಿಗೆ ಇಲ್ಲೊಂದು ಬದಲಾವಣೆ: ಬೆರಳು ಎತ್ತುವುದನ್ನು ಬಿಡಿ, ಪಾದವನ್ನು ಚಪ್ಪಟೆಯಾಗಿ ಇಡಿ, ಗೋಡೆಗೆ ಒಂದು ಕೈ ಇರಲಿ. ನಡಿಗೆ ಮುಗಿದ ಮೇಲೆ ಅಂಗಾಲನ್ನು ಕಣ್ಣಿನಿಂದ ನೋಡಿ. ಗಾಯವಾಗಿದ್ದರೂ ನಿಮಗೆ ಗೊತ್ತಾಗಿರಲ್ಲ.

ಹಂತ 5: ಶಿ-ಶಿ-ಹು

ಎಲ್ಲರೂ ಕೇಳುವುದು ಇದನ್ನೇ. 'ಶಿ' ಅಂದರೆ ಚೀನೀ ಭಾಷೆಯಲ್ಲಿ ಉಸಿರೆಳೆ, 'ಹು' ಅಂದರೆ ಬಿಡು. ಗುವೊ ಲಿನ್ ಪದ್ಧತಿಯಲ್ಲಿ ಇದಕ್ಕೆ ಗಾಳಿ ಉಸಿರು ಅಂತ ಹೆಸರು.

ಎಡ ಹಿಮ್ಮಡಿ ನೆಲ ಮುಟ್ಟಿದಾಗ ಮೂಗಿನಿಂದ ಒಂದು ಚಿಕ್ಕ ಶಿ. ಪಾದ ಉರುಳುವಷ್ಟರಲ್ಲಿ ಅದರ ಬೆನ್ನಿಗೇ ಇನ್ನೊಂದು ಶಿ. ಬಲ ಹಿಮ್ಮಡಿ ಮುಟ್ಟಿದಾಗ ಮೂಗಿನಿಂದಲೇ ಒಂದು ಹು. ಮತ್ತೆ ಎಡಗಾಲು. ಅಂದರೆ ಎರಡು ಹೆಜ್ಜೆಗೆ ಒಂದು ಸುತ್ತು: ಎಡಕ್ಕೆ ಎರಡು ಚಿಕ್ಕ ಎಳೆತ, ಬಲಕ್ಕೆ ಒಂದು ಬಿಡುವಿಕೆ. ಅರ್ಧ ದಾರಿಯಲ್ಲಿ ಕಾಲು ಬದಲಿಸಿ, ಬಲಕ್ಕೆ ಎಳೆದು ಎಡಕ್ಕೆ ಬಿಡಿ.

ಎಳೆತ ಎಷ್ಟು ಚಿಕ್ಕದು ಅನ್ನುವುದೇ ಇಡೀ ಗುಟ್ಟು. ಮಲ್ಲಿಗೆ ಮೊಗ್ಗನ್ನು ಮೂಗಿನ ಹತ್ತಿರ ಹಿಡಿದು ಎರಡು ಸಲ ಮೂಸಿ ನೋಡಿ, ಅಷ್ಟೇ ಅಷ್ಟು. ಸದ್ದು ನಿಮ್ಮ ಕಿವಿಗೆ ಮಾತ್ರ ಕೇಳಬೇಕು. ಪಕ್ಕದಲ್ಲಿ ನಡೆಯುವವರಿಗೆ ಕೇಳಿದರೆ ಜಾಸ್ತಿಯಾಯಿತು ಅಂತ. ವಿಡಿಯೊಗಳಲ್ಲಿ ಮೈಕ್ ಹತ್ತಿರ ಇರುವುದರಿಂದ ಜೋರಾಗಿ ಕೇಳುತ್ತದೆ. ಅದನ್ನು ನೋಡಿ ನಮ್ಮವರು ನೆಗಡಿಯಾದವರ ಹಾಗೆ ಸೊರಸೊರ ಎಳೆಯುತ್ತಾರೆ.

ಹಾಗೆ ಎಳೆದರೆ ಏನಾಗುತ್ತೆ? ಮೈಗೆ ಬೇಕಾದ್ದಕ್ಕಿಂತ ಜಾಸ್ತಿ ಗಾಳಿ ಓಡಾಡಿ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ. ಅದು ಇಳಿದಾಗ ಮಿದುಳಿನ ರಕ್ತನಾಳಗಳು ಬಿಗಿಯುತ್ತವೆ. ತಲೆ ಹಗುರ, ಬೆರಳ ತುದಿಯಲ್ಲಿ ಜುಮುಜುಮು, ಬಾಯಿಯ ಸುತ್ತ ಮರಗಟ್ಟಿದ ಹಾಗೆ. ಕೆಲವು ಗುರುಗಳು ಇದನ್ನೇ "ಚಿ ಹರೀತಾ ಇದೆ" ಅಂತ ಖುಷಿಪಡುತ್ತಾರೆ. ನೀವು ಖುಷಿಪಡಬೇಡಿ. ಕೂತುಕೊಳ್ಳಿ, ಮಾಮೂಲಿ ಉಸಿರಿಗೆ ಬನ್ನಿ, ಎರಡು ಮೂರು ನಿಮಿಷದಲ್ಲಿ ಸರಿಹೋಗುತ್ತದೆ. ಸರಿಹೋಗದಿದ್ದರೆ ಅದು ಬೇರೇನೋ, ಆಸ್ಪತ್ರೆಗೆ ಫೋನ್ ಮಾಡಿ.

ಮೊದಲ ದಿನ ಎಂಟು ಸುತ್ತು ಶಿ-ಶಿ-ಹು, ಆಮೇಲೆ ಇಪ್ಪತ್ತು ಹೆಜ್ಜೆ ಮಾಮೂಲಿ ಉಸಿರು. ಹೀಗೆ ಬದಲಿಸುತ್ತಾ ಹೋಗಿ. ಹೆಜ್ಜೆ ಮತ್ತು ಉಸಿರು ತಪ್ಪಿಹೋದರೆ ಹಿಡಿಯಲು ಓಡಬೇಡಿ. ನಿಂತು, ಮತ್ತೆ ಎಡಗಾಲಿನಿಂದ ಶುರು ಮಾಡಿ. ಅಮ್ಮನಿಗೆ ಲೆಕ್ಕ ಕೂಡಿಬರಲು ಹನ್ನೊಂದು ದಿನ ಬೇಕಾಯಿತು. ಅಷ್ಟರಲ್ಲಿ ನಾನೇ ಮೂರು ಸಲ ತಪ್ಪು ಹೇಳಿಕೊಟ್ಟು ಬೈಸಿಕೊಂಡಿದ್ದೆ.

ಮೂಗು ಕಟ್ಟಿದ ದಿನ ಇದನ್ನು ಬಿಡಿ. ಉಬ್ಬಸ, ಹಳೆ ಶ್ವಾಸಕೋಶದ ಕಾಯಿಲೆ ಇರುವವರಿಗೆ ಶಿ-ಶಿ-ಹುಗಿಂತ ಹಂತ 1ರ ಮೊನಚು ತುಟಿಯ ಉಸಿರೇ ವಾಸಿ ಅಂತ ನನ್ನ ಅನಿಸಿಕೆ. ಎರಡು ಹೆಜ್ಜೆಗೆ ಎಳೆದು ನಾಲ್ಕು ಹೆಜ್ಜೆಗೆ ಬಿಡಿ. ಚೀನೀ ಹೆಸರಿಲ್ಲ ಅಂತ ಅದರ ಬೆಲೆಯೇನೂ ಕಡಿಮೆಯಾಗಲ್ಲ.

ಹಂತ 6: ತಿರುಗುವುದು

ಬೀಳುವುದು ನೇರ ನಡೆಯುವಾಗಲ್ಲ, ತಿರುಗುವಾಗ. ದಾರಿಯ ತುದಿಗೆ ಬಂದಾಗ ನಿಂತು, ಒಂದು ಮಾಮೂಲಿ ಉಸಿರು ತೆಗೆದು, ನಾಲ್ಕು ಚಿಕ್ಕ ಹೆಜ್ಜೆಯಲ್ಲಿ ತಿರುಗಿ. ಒಂದೇ ಕಾಲಿನ ಮೇಲೆ ಗಿರಕಿ ಬೇಡ.

ಹಂತ 7: ಮುಗಿಸುವುದು

ಹಂತ 3ನ್ನು ಮತ್ತೆ ಮಾಡಿ, ಮೊದಲು ಮೂರು ತೆರೆ-ಮುಚ್ಚು, ಆಮೇಲೆ ಮೂರು ಉಸಿರು. ಎರಡು ನಿಮಿಷ ನಿಲ್ಲಿ. ಅಂಗೈ ಉಜ್ಜಿ ಮುಖದ ಮೇಲೆ ಇಟ್ಟುಕೊಳ್ಳಿ. ಮುಗಿದ ಮೇಲೆ ತಣ್ಣೀರು ಕುಡಿಯಬಾರದು, ತಣ್ಣೀರಲ್ಲಿ ಕೈ ತೊಳೆಯಬಾರದು ಅನ್ನುವುದು ಅವರ ಸಂಪ್ರದಾಯ. ಅದಕ್ಕೆ ವೈದ್ಯಕೀಯ ಕಾರಣ ನನಗಂತೂ ಕಂಡಿಲ್ಲ. ಆದರೆ ಬೆಚ್ಚಗಿನ ನೀರು ಕುಡಿದು ಹತ್ತು ನಿಮಿಷ ಕೂರುವುದರಿಂದ ನಷ್ಟವೇನಿದೆ? ಕೆಲವು ಬಗೆಯ ಕೀಮೋದಲ್ಲಿ ತಣ್ಣನೆಯದು ಮುಟ್ಟಿದರೆ ಬೆರಳು ಚುಚ್ಚುತ್ತದೆ, ಅಂಥವರು ಹೇಗೂ ಬೆಚ್ಚಗಿನದನ್ನೇ ಬಳಸಬೇಕು.

ಎಷ್ಟು ಹೊತ್ತು

ಚೀನಾದ ಪಾರ್ಕುಗಳಲ್ಲಿ ಒಂದು ಸುತ್ತಿಗೆ ಸುಮಾರು 20 ನಿಮಿಷ ನಡೆದು, ವಿಶ್ರಾಂತಿ ತೆಗೆದುಕೊಂಡು, ಮತ್ತೆ ನಡೆಯುವವರಿದ್ದಾರೆ. ದಿನಕ್ಕೆ ಗಂಟೆಗಟ್ಟಲೆ ಮಾಡುವವರೂ ಇದ್ದಾರೆ. ಅದನ್ನು ಓದಿ ನೀವು ಮೊದಲ ದಿನವೇ ಗಂಟೆ ನಡೆಯಲು ಹೊರಟರೆ ಮರುದಿನ ಹಾಸಿಗೆಯಿಂದ ಏಳಲ್ಲ.

ಮೊದಲ ವಾರ 5 ನಿಮಿಷ. ಎರಡನೇ ವಾರ 5 ನಿಮಿಷ ಎರಡು ಸಲ. ಆಮೇಲೆ ವಾರಕ್ಕೆ ಒಂದೆರಡು ನಿಮಿಷ ಏರಿಸಿ. 20 ನಿಮಿಷಕ್ಕೆ ಬಂದರೆ ಸಾಕು, ಬರದಿದ್ದರೂ ಸಾಕು. ಇನ್ನೂ ಸ್ವಲ್ಪ ಆಗುತ್ತೆ ಅನ್ನಿಸುವಾಗಲೇ ನಿಲ್ಲಿಸುವುದು ಇಲ್ಲಿನ ಕಷ್ಟದ ಪಾಠ, ಅದರಲ್ಲೂ ಆರೋಗ್ಯವಾಗಿದ್ದಾಗ ಚುರುಕಾಗಿ ಓಡಾಡಿದವರಿಗೆ. ಅಳತೆ ಸರಳ: ನಡೆಯುತ್ತಾ ಒಂದು ಪೂರ್ತಿ ವಾಕ್ಯ ತಡೆಯಿಲ್ಲದೆ ಹೇಳಲು ಆಗಬೇಕು. ಆಗದಿದ್ದರೆ ವೇಗ ಜಾಸ್ತಿ. ಬಿಪಿಗೋ ಹೃದಯಕ್ಕೋ ಬೀಟಾ ಬ್ಲಾಕರ್ ಮಾತ್ರೆ ನುಂಗುವವರು ನಾಡಿ ಎಣಿಸಿ ಅಂದಾಜು ಮಾಡಬೇಡಿ. ಆ ಮಾತ್ರೆ ನಾಡಿಯನ್ನು ಏರಲು ಬಿಡುವುದಿಲ್ಲ, ಹಾಗಾಗಿ ಲೆಕ್ಕ ತಪ್ಪುತ್ತದೆ. ಇವರಿಗೂ ಮಾತಿನ ಪರೀಕ್ಷೆಯೇ ಸರಿ. ಇನ್ನೊಂದು ಅಳತೆ ಮರುದಿನದ್ದು. ಇವತ್ತು ನಡೆದದ್ದಕ್ಕೆ ನಾಳೆ ಬೆಳಿಗ್ಗೆ ಮಾಮೂಲಿಗಿಂತ ಸುಸ್ತಾಗಿದ್ದರೆ ಅರ್ಧಕ್ಕೆ ಇಳಿಸಿ.

ಕೀಮೋದವರು ದಿನಗಳನ್ನು ಒಂದೇ ಸಮ ಹಾಕಿಕೊಳ್ಳಬೇಡಿ. ಡೋಸ್ ಆದ ಮೊದಲ ಎರಡು ಮೂರು ದಿನ ವಾಕರಿಕೆ, ಸುಸ್ತು ಇರುತ್ತದೆ, ಹಂತ 1 ಮಾತ್ರ ಸಾಕು. ಸಾಮಾನ್ಯವಾಗಿ 7ರಿಂದ 14ನೇ ದಿನದೊಳಗೆ ಬಿಳಿ ರಕ್ತಕಣ ತೀರಾ ಕೆಳಗೆ ಇಳಿಯುತ್ತದೆ, ಔಷಧಿಯ ಮೇಲೆ ದಿನ ಹಿಂದೆ ಮುಂದೆ ಆಗಬಹುದು. ಆ ದಿನಗಳಲ್ಲಿ ಮನೆಯೊಳಗೇ ನಡೆಯಿರಿ. ಮುಂದಿನ ಡೋಸಿಗೆ ಮುಂಚಿನ ವಾರ ನಿಮ್ಮದು, ಆಗ ಸ್ವಲ್ಪ ಏರಿಸಿ.

ಪದೇ ಪದೇ ಕಾಣುವ ತಪ್ಪುಗಳು

ಎಳೆತದ ರಭಸದ ಬಗ್ಗೆ ಆಗಲೇ ಹೇಳಿದೆ. ಉಳಿದವು ಇವು.

ನಡೆಯುವಾಗ ಫೋನಿನಲ್ಲಿ ವಿಡಿಯೊ ನೋಡುವುದು. ಕಲಿಯಲು ಕೂತು ನೋಡಿ, ನಡೆಯುವಾಗ ಫೋನ್ ಕುರ್ಚಿಯ ಮೇಲಿರಲಿ.

ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರ್ ಬೆರಳಿಗೆ ಸಿಕ್ಕಿಸಿಕೊಂಡೇ ನಡೆಯುವುದು. ಕೈ ಅಲುಗಿದರೆ ಅದು ತಪ್ಪು ಅಂಕಿ ತೋರಿಸುತ್ತದೆ, ಅಂಕಿ ನೋಡಿ ಎದೆ ಡವಗುಟ್ಟುತ್ತದೆ. ಡಾಕ್ಟರ್ ನೋಡಲು ಹೇಳಿದ್ದರೆ ನಿಂತು, ಕೈ ಬೆಚ್ಚಗಿಟ್ಟುಕೊಂಡು, ಅರ್ಧ ನಿಮಿಷ ಕಾದು ನೋಡಿ. ಯಾವ ಅಂಕಿಗೆ ಇಳಿದರೆ ನಿಲ್ಲಿಸಬೇಕು ಅನ್ನುವುದನ್ನು ಮೊದಲೇ ಅವರಿಂದಲೇ ಬರೆಸಿಕೊಳ್ಳಿ. ಎಲ್ಲರಿಗೂ ಒಂದೇ ಅಂಕಿ ಇರಲ್ಲ.

ಒಂದು ದಿನ ತಪ್ಪಿದರೆ ಮರುದಿನ ಡಬಲ್ ಮಾಡುವುದು. ಬೇಡ. ಇದು ಬ್ಯಾಂಕ್ ಸಾಲದ ಕಂತಲ್ಲ.

ಮನೆಯವರು ಮೇಷ್ಟ್ರಾಗುವುದು. "ನಿನ್ನೆ ಹತ್ತು ನಿಮಿಷ ಮಾಡಿದ್ದೆ, ಇವತ್ತೇನು ಐದಕ್ಕೇ ಕೂತೆ?" ಅಂತ ಕೇಳಬೇಡಿ. ಹಾಗೆಯೇ, ಗಡ್ಡೆ ದೊಡ್ಡದಾಯಿತು ಅಂತ ರಿಪೋರ್ಟ್ ಬಂದ ದಿನ "ಸರಿಯಾಗಿ ಮಾಡಲಿಲ್ಲ ಅದಕ್ಕೇ" ಅನ್ನುವ ಮಾತು ಯಾರ ಬಾಯಲ್ಲೂ ಬರಬಾರದು. ನಡಿಗೆಗೂ ಗಡ್ಡೆಯ ಅಳತೆಗೂ ಸಂಬಂಧವಿಲ್ಲ.

ತಕ್ಷಣ ನಿಲ್ಲಿಸಬೇಕಾದಾಗ

ಎದೆ ನೋವು ಅಥವಾ ಬಿಗಿತ, ಎದೆ ಅಡ್ಡಾದಿಡ್ಡಿ ಬಡಿದುಕೊಳ್ಳುವುದು, ಕೂತರೂ ಇಳಿಯದ ಏದುಸಿರು, ಕಣ್ಣು ಕತ್ತಲೆ, ಒಂದೇ ಕಾಲು ಊದಿ ಮೀನಖಂಡ ನೋಯುವುದು, ಬೆನ್ನುಮೂಳೆಯಲ್ಲಿ ಹೊಸ ನೋವು, ಕಾಲಲ್ಲಿ ಹೊಸದಾಗಿ ಬಲ ಇಲ್ಲದಿರುವುದು, ಎಲ್ಲಿಂದಲಾದರೂ ರಕ್ತ. ಇದರಲ್ಲಿ ಯಾವುದೇ ಇದ್ದರೂ ನಾಳೆ ನೋಡೋಣ ಅನ್ನಬೇಡಿ, ಆಸ್ಪತ್ರೆಗೆ ಹೊರಡಿ. ಉಸಿರು ಸಿಗದಿದ್ದರೆ, ಎದೆ ನೋವಿದ್ದರೆ 108ಕ್ಕೆ ಕರೆ ಮಾಡಿ.

ಕೀಮೋ ನಡೆಯುತ್ತಿರುವವರಿಗೆ 100.4 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 38 ಡಿಗ್ರಿ ಸೆಲ್ಸಿಯಸ್ ಜ್ವರ ಬಂತು ಅಂದರೆ ಅದು ತುರ್ತು. ಮಧ್ಯರಾತ್ರಿಯಾದರೂ ಸರಿ, ಆಸ್ಪತ್ರೆಗೆ ಫೋನ್ ಮಾಡಿ. ಡೋಲೋ ನುಂಗಿ ಬೆಳಗಾಗಲಿ ಅಂತ ಕಾಯಬೇಡಿ, "ಉಸಿರಾಟ ಮಾಡಿದರೆ ಇಳಿಯುತ್ತೆ" ಅನ್ನುವವರ ಮಾತು ಕೇಳಲೇಬೇಡಿ.

ನಡೆಯಲಾಗದ ದಿನ

ಅಂಥ ದಿನಗಳೂ ಬರುತ್ತವೆ. ಮಲಗಿದಲ್ಲೇ ಹೊಟ್ಟೆಯ ಉಸಿರು ಐದು. ಆಮೇಲೆ ಹೊದಿಕೆಯೊಳಗೇ ಪಾದ ಮೇಲೆ ಕೆಳಗೆ ಹತ್ತು ಸಲ, ಉಸಿರೆಳೆಯುವಾಗ ಬೆರಳು ಮುಖದ ಕಡೆಗೆ, ಬಿಡುವಾಗ ಗೋಡೆಯ ಕಡೆಗೆ. ಮೀನಖಂಡದ ರಕ್ತ ಓಡಾಡಲು ಇದು ಒಳ್ಳೆಯದು. ಕೂರಲು ಆದರೆ ಮಂಚದ ಅಂಚಿನಲ್ಲಿ ಕೂತು ಮೂರು ತೆರೆ-ಮುಚ್ಚು. ಅದನ್ನೂ ನಡಿಗೆ ಮಾಡಿದ ದಿನ ಅಂತಲೇ ಲೆಕ್ಕಕ್ಕೆ ಹಿಡಿಯಿರಿ.

ಲೆಕ್ಕ ಅಂದೆ, ಅದೊಂದು ಕೆಲಸ ಬಾಕಿ ಇದೆ. ಗೋಡೆಯ ಕ್ಯಾಲೆಂಡರಿನಲ್ಲಿ ಪ್ರತಿ ದಿನದ ಚೌಕದೊಳಗೆ ಎರಡೇ ಅಂಕಿ ಬರೆಯಿರಿ: ಎಷ್ಟು ನಿಮಿಷ, ಹತ್ತಕ್ಕೆ ಎಷ್ಟು ಸುಸ್ತು. ಅಮ್ಮನ ಕ್ಯಾಲೆಂಡರಿನಲ್ಲಿ ಒಂದು ವಾರ ನಿಮಿಷ 12, 10, 6, 4 ಅಂತ ಇಳಿದು ಸುಸ್ತು 4ರಿಂದ 8ಕ್ಕೆ ಏರಿತ್ತು. ನಾವು ಸೋಮಾರಿತನ ಅಂದುಕೊಂಡಿದ್ದೆವು. ಡಾಕ್ಟರ್ ಆ ಹಾಳೆ ನೋಡಿ ಅವತ್ತೇ ರಕ್ತ ಪರೀಕ್ಷೆ ಬರೆದರು, ಹಿಮೋಗ್ಲೋಬಿನ್ ಕುಸಿದಿತ್ತು. ಮುಂದಿನ ಸಲ ಓಪಿಡಿಗೆ ಹೋಗುವಾಗ ರಿಪೋರ್ಟುಗಳ ಜೊತೆ ಆ ತಿಂಗಳ ಹಾಳೆಯದ್ದೂ ಒಂದು ಫೋಟೊ ತೆಗೆದುಕೊಂಡು ಹೋಗಿ.